ನಾಲ್ಕಾಣೆಗೆ ಮಾರಿದ ಗಿಡ

ಲಕ್ಷ್ಮೇಶ್ವರ
೨೭ ಡಿಸೆಂಬರ್ ೧೯೭೮

ಚಿ. ಕೃಪಾವತಿಗೆ ನಿನ್ನ ಅತ್ತೆ ತುಳಸಾಬಾಯಿ ಮಾಡುವ ಆಶೀರ್ವಾದ.

ರೂಢಿಯಂತೆ ಹೆಸರಿನ ಹಿಂದೆ ‘ಸೌ.’ ಎಂದು ಬರೆಯಲು ಹೋದ ಕೈ ಅಲ್ಲೇ ನಿಂತಿತು. ನೀನು ಮುತ್ತೈದೆಯಾಗಿದ್ದ ಎಂಟು ವರ್ಷ ನಾನು ನಿನಗೆ ಒಂದು ಕಾಗದ ಹಾಕಲಿಲ್ಲ. ಈಗ ಬರೆಯಲು ಕುಳಿತರೆ ಆ ಒಂದಕ್ಷರ ಬರೆಯುವ ಹಾಗಿಲ್ಲ.

ಮೊನ್ನೆ ಶನಿವಾರ ನೀನು ಹೊಲಿಗೆ ಕಲಿಸಿ ಮನೆಗೆ ಬಂದಾಗ ಬಾಗಿಲ ಹತ್ತಿರ ಒಂದು ಗಿಡ ಕಂಡಿರಬೇಕು. ಯಾರೋ ಮುದುಕಿ ನಾಲ್ಕಾಣೆಗೆ ಮಾರಿ ಹೋದಳು ಎಂದು ಕೂಸು ಎಸ್ತೇರ ಹೇಳಿರಬೇಕು. ಆ ಮುದುಕಿ ನಾನು.

ರಾಘುವಿನ ಪಿಂಚಣಿ ಕಾಗದಕ್ಕೆ ಅವನ ಶಾಲೆಯ ದಾಖಲೆ ಬೇಕೆಂದು ನೀನು ನಿನ್ನ ಭಾವ ಶ್ರೀಪಾದನಿಗೆ ಹಾಕಿದ್ದ ಕಾರ್ಡು ನನ್ನ ಕೈಗೆ ಬಂದಿತ್ತು. ನಿನ್ನ ಅಕ್ಷರ ಮುಗಿದ ಮೇಲೆ ಅಡಿಯಲ್ಲಿ ಪೆನ್ಸಿಲಿನಲ್ಲಿ ಕೂಸು ತಾನಾಗಿ ಬರೆದಿತ್ತು: ‘ಅಜ್ಜಿ, ಕಪ್ಪತಗುಡ್ಡಕ್ಕ ಯಾವ ಬಸ್ ಹೋಗತೈತಿ? ಅಪ್ಪ ಹಬ್ಬದ ಗಿಡ ಅಲ್ಲಿಂದ ತರತಿದ್ದ.’ ನೀನು ಅದನ್ನು ನೋಡದೆ ಡಬ್ಬಿಗೆ ಹಾಕಿದೆಯೋ, ನೋಡಿ ಬಿಟ್ಟೆಯೋ ತಿಳಿಯದು. ನನ್ನನ್ನು ಅಜ್ಜಿ ಎಂದು ಕರೆದದ್ದು ಅದೇ ಮೊದಲು. ಕಾರ್ಡನ್ನು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಆಮೇಲೆ ಶ್ರೀಪಾದನ ಕೈಗೆ ಕೊಟ್ಟೆ. ದಾಖಲೆ ತೆಗೆಸಿದ್ದಾನೆ, ಇದರ ಜೊತೆಗೇ ಇಟ್ಟಿದ್ದೇನೆ.

ಗದಗಿನ ವೀರನಾರಾಯಣ ದೇವರ ದರ್ಶನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬೆಳಗಿನ ಬಸ್ಸು ಹಿಡಿದೆ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ಒಂಬತ್ತು ರೂಪಾಯಿ ಬಿಟ್ಟರೆ ನನ್ನದೆನ್ನುವ ರೊಕ್ಕವಿರಲಿಲ್ಲ. ನಾನು ಹುಟ್ಟಿದ್ದು ಆ ಗುಡ್ಡದ ಬುಡದ ಡೋಣಿ ಊರಿನಲ್ಲಿ. ಕಪ್ಪತಗುಡ್ಡದಲ್ಲಿ ಔಷಧದ ಬೇರು ಸಿಗುತ್ತದೆ, ಸೌದೆ ಸಿಗುತ್ತದೆ, ನಿಮ್ಮ ಹಬ್ಬದ ಗಿಡವನ್ನು ಮಾತ್ರ ಯಾರೂ ಅಲ್ಲಿಂದ ತಂದದ್ದು ಕೇಳಿಲ್ಲ. ರಾಘು ಮಗಳನ್ನು ನಗಿಸಲು ಹಾಗೆ ಹೇಳಿದ್ದಾನೆ, ಗಿಡ ಗದಗಿನಲ್ಲೇ ಎಲ್ಲೋ ಕೊಂಡಿದ್ದಾನೆ ಎಂದು ನನಗೆ ಅನ್ನಿಸಿತು.

ಮೊದಲು ಸ್ಟೇಶನ್ ರಸ್ತೆಯ ದೊಡ್ಡ ಅಂಗಡಿಗೆ ಹೋದೆ. ಮುಂಬೈಯಿಂದ ಬಂದ ಪ್ಲಾಸ್ಟಿಕ್ ಗಿಡವೊಂದನ್ನು ಗಾಜಿನೊಳಗೆ ನಿಲ್ಲಿಸಿದ್ದರು. ನನ್ನ ಮೊಣಕಾಲಷ್ಟೂ ಎತ್ತರವಿಲ್ಲ, ನಲವತ್ತೈದು ರೂಪಾಯಿ. ಅಂಗಡಿಯವನು ನನ್ನ ಬರಿಗೈ, ಬರಿಹಣೆ ನೋಡಿ, “ಅಮ್ಮಾ, ಇದು ನಿಮ್ಮ ಮಂದೀದಲ್ಲರೀ, ಇದು ಕ್ರಿಸ್ತಿಯನ್ರ ಹಬ್ಬದ್ದು” ಅಂದ. “ನನ್ನ ಮೊಮ್ಮಗಳಿಗೆ” ಎಂದು ಹೇಳಬೇಕಿತ್ತು. “ಸುಮ್ಮನ ನೋಡ್ಲಿಕ್ಕೆ ಬಂದೆ” ಎಂದು ಹೊರಗೆ ಬಂದೆ.

ಕಾಯಿಪಲ್ಲೆ ಮಾರುವವರನ್ನು, ಹೂವಿನವರನ್ನು ಕೇಳಿದೆ. ಕೆಲವರು ನಕ್ಕರು. ಒಬ್ಬಳು ಕಟ್ಟಿಗೆ ಅಡ್ಡೆಗೆ ಹೋಗಿ ಕೇಳು ಎಂದಳು. ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿಗೆ ಹೋದರೆ ಅಡ್ಡೆಯ ಫಕ್ರುಸಾಬ ನಮಾಜು ಮುಗಿಸಿ ಬುತ್ತಿ ಬಿಚ್ಚುತ್ತಿದ್ದ. ಕೇಳಿದ ಕೂಡಲೇ, “ಐತ್ರಿ, ಸುರು ಗಿಡದ ತುದಿ, ಸರ್ವಿ ಅಂತಾರಲ್ರೀ ಅದು. ಕಂಬ ಕಡದ ಮ್ಯಾಲೆ ಉಳಿತೈತಲ್ಲ, ಅದನ್ನ ನಾವು ಒಲಿಗೆ ಹಾಕತೀವಿ. ನಿಮ್ಮಂಗ ಕೇಳಾವ್ರು ಒಬ್ಬರ ಅದಾರ ನೋಡ್ರಿ, ನೀರಾವರಿ ಕಚೇರಿ ಕಾರಕೂನರು. ವರ್ಷ ವರ್ಷಾ ಸೈಕಲ್ಲಿಗೆ ಕಟಗೊಂಡು ಒಯ್ತಾರ” ಅಂದ.

ನೀರಾವರಿ ಕಚೇರಿಯ ಕಾರಕೂನ ಅಂದರೆ ನಮ್ಮ ರಾಘು. ನಾನು ಕಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟೆ. ಯಾರಿಗೆ ಅಂತ ಒಯ್ಯುತ್ತಿದ್ದರು ಎಂದು ಕೇಳಿದೆ.

“ತಮ್ಮ ಸಾಹೇಬ್ರ ಮನಿಗೆ ಅಂತಿದ್ರು. ಅವರು ಬ್ರಾಮಣ್ರ ಪೈಕಿ ಬಿಡ್ರಿ, ಅವರಿಗ್ಯಾಕ ಈ ಗಿಡ. ಈ ಸಲ ಇನ್ನೂ ಬಂದಿಲ್ಲ. ವರ್ಗ ಆತೋ ಏನೋ.”

“ಹೌದು, ವರ್ಗ ಆಗೇದ” ಅಂದೆ.

“ಎಲ್ಲಿಗ್ರಿ?”

“ದೂರ.”

ಕೃಪಾ, ಒಂದು ಗಿಡದ ತುದಿಯನ್ನು ತನ್ನ ಮಗಳಿಗೆಂದು ಹೇಳಿ ಕೊಳ್ಳುವ ಧೈರ್ಯ ನನ್ನ ಮಗನಿಗೆ ಇರಲಿಲ್ಲ. ಗದಗಿನ ಅಡ್ಡೆಯ ಮಾತು ಲಕ್ಷ್ಮೇಶ್ವರದ ನನ್ನ ಕಿವಿಗೆ ಬಿದ್ದೀತೆಂದು ಅವನು ಹೆದರಿದ್ದ. ಹಬ್ಬಗಳಿಗೆ ಒಬ್ಬನೇ ಬಂದು ಊಟ ಮಾಡಿ ಹೋಗುವಾಗ ಅವನ ಮುಖದಲ್ಲಿದ್ದದ್ದು ಮರ್ಯಾದೆ ಎಂದು ನಾನು ತಿಳಿದಿದ್ದೆ. ಅದು ಹೆದರಿಕೆ ಎಂದು ಮೊನ್ನೆ ಕಟ್ಟಿಗೆ ರಾಶಿಯ ಮೇಲೆ ಕೂತಾಗ ತಿಳಿಯಿತು.

ಫಕ್ರುಸಾಬ ಇದ್ದುದರಲ್ಲೇ ನೇರವಾದದ್ದನ್ನು ಆರಿಸಿ, ಬುಡ ಕೆತ್ತಿ, ಹಗ್ಗ ಸುತ್ತಿ ಕೊಟ್ಟ. ಎರಡು ರೂಪಾಯಿ ತೆಗೆದುಕೊಂಡ. ನನಗಿಂತ ಒಂದು ಗೇಣು ಎತ್ತರ ಇತ್ತು. ಟಾಂಗಾದವನು ಗಿಡಕ್ಕೂ ಸೇರಿಸಿ ಬಾಡಿಗೆ ಕೇಳಿದ. ಬೆಟಗೇರಿಯಲ್ಲಿ ನಿಮ್ಮ ಓಣಿ ಇಕ್ಕಟ್ಟೆಂದು ದೂರದಲ್ಲೇ ಇಳಿಸಿದ. ಹೆಗಲ ಮೇಲೆ ಹೊತ್ತು ಮನೆ ಕೇಳುತ್ತ ಬರುವಷ್ಟರಲ್ಲಿ ಸೀರೆಯೆಲ್ಲ ಧೂಳು, ತಲೆಯಲ್ಲೆಲ್ಲ ಅದರ ಎಸಳು.

ಬಾಗಿಲು ತೆಗೆದದ್ದು ಎಸ್ತೇರ. ಕಿವಿಗಳು ರಾಘುವಿನವೇ, ಸ್ವಲ್ಪ ಹೊರಗೆ ಚಾಚಿದ ಹಾಗೆ. ‘ನಾನು ನಿನ್ನ ಅಜ್ಜಿ’ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಅವಳೇ ಮೊದಲು ಕೇಳಿದಳು, “ಗಿಡ ಮಾರಾಕ ಬಂದೀರೇನ್ರಿ?”

“ಹೌದವ್ವಾ” ಅಂದುಬಿಟ್ಟೆ.

“ಅವ್ವ ಮನ್ಯಾಗಿಲ್ರಿ. ಈ ವರ್ಷ ಗಿಡ ಬ್ಯಾಡ ಅಂದಾಳ. ಎಷ್ಟಕ್ಕ ಕೊಡತೀರಿ?”

“ನಿನ್ನ ಹತ್ರ ಎಷ್ಟ ಅದ?”

ಒಳಗೆ ಓಡಿದಳು. ಡಬ್ಬಿ ಅಲುಗಾಡಿಸಿದ ಸದ್ದು ಕೇಳಿತು. ತೆರೆದ ಬಾಗಿಲಿನಿಂದ ಗೋಡೆಯ ಮೇಲಿನ ರಾಘುವಿನ ಫೋಟೋ ಕಾಣುತ್ತಿತ್ತು. ನೀವು ಮೂವರೂ ಇರುವ ಫೋಟೋ. ಅವನು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅವನ ಮುಂಜಿವೆಯ ನಂತರ ನೋಡಿರಲಿಲ್ಲ.

ಅವಳು ಬಂದು ಅಂಗೈ ಬಿಚ್ಚಿದಳು. ನಾಲ್ಕಾಣೆ. “ಇಷ್ಟ ಐತ್ರಿ.”

“ಸಾಕು” ಅಂದೆ.

“ಕಪ್ಪತಗುಡ್ಡದ್ದ ಹೌದಲ್ರಿ?”

“ಕಪ್ಪತಗುಡ್ಡದ್ದ.”

ಅವಳು ಗಿಡಕ್ಕೆ ಮೂಗು ಹಚ್ಚಿ ನಿಂತಳು. ಆಮೇಲೆ ನನ್ನನ್ನು ನೋಡಿ ಏನನ್ನಿಸಿತೋ, ಕೇಳದೆಯೇ ಒಳಗಿನಿಂದ ಒಂದು ತಂಬಿಗೆ ನೀರು ತಂದು ಕೊಟ್ಟಳು. ಅರವತ್ತೆರಡು ವರ್ಷ ಮಡಿ ಎಂದು ಬದುಕಿದವಳು ನಾನು. ನಿಮ್ಮ ಹೊಸ್ತಿಲಲ್ಲಿ ನಿಂತು ಅಷ್ಟನ್ನೂ ಕುಡಿದೆ.

ಆಗಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಅವಳು, “ಕುಂಡ್ರಿ, ನಮ್ಮವ್ವ ಈಗ ಬರತಾಳ” ಅಂದಳು. ನಿನ್ನ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು ನನ್ನಿಂದ ಆಗದ ಮಾತು. ಓಣಿಯ ತಿರುವಿಗೆ ಬಂದಾಗ ಎದುರಿನಿಂದ ನೀನು ಬರುತ್ತಿದ್ದೆ, ಕೈಯಲ್ಲಿ ಬಟ್ಟೆಯ ಗಂಟು. ಬಹಳ ಇಳಿದುಹೋಗಿದ್ದೀಯ. ಸೆರಗನ್ನು ಮುಖಕ್ಕೆ ಎಳೆದುಕೊಂಡು ಗೋಡೆಗೆ ಸರಿದೆ. ಅಜ್ಜಿಗೆ ದಾರಿ ಬಿಡಬೇಕೆಂದು ನೀನೂ ಪಕ್ಕಕ್ಕೆ ಸರಿದೆ.

ಬಸ್ ಸ್ಟ್ಯಾಂಡಿನಲ್ಲಿ ಟಿಕೀಟಿಗೆ ಸ್ವಲ್ಪ ಕಡಿಮೆ ಬಿತ್ತು. ಕೂಸು ಕೊಟ್ಟ ನಾಲ್ಕಾಣೆಯನ್ನೂ ಸೇರಿಸಿ ಕೊಟ್ಟು ಊರಿಗೆ ಬಂದೆ. ಅದನ್ನು ಉಳಿಸಿಕೊಳ್ಳಬೇಕು ಅನ್ನಿಸಿತ್ತು, ಉಳಿಯಲಿಲ್ಲ. ಮನೆಯಲ್ಲಿ ಹಿರಿಯ ಸೊಸೆ ಯಮುನಾ ಪ್ರಸಾದ ಎಲ್ಲಿ ಎಂದಳು. ಮರೆತೆ ಅಂದೆ.

ಸಂಕ್ರಾಂತಿಗೆ ಎಸ್ತೇರಳಿಗೆ ಕುಸರೆಳ್ಳು ತರಬೇಕೆಂದಿದ್ದೇನೆ. ಈ ಸಲ ನನ್ನ ಹೆಸರು ಹೇಳಿ ಬಾಗಿಲು ಬಡಿಯುತ್ತೇನೆ. ಬರಲೋ ಬೇಡವೋ ಎಂದು ಒಂದು ಕಾರ್ಡು ಹಾಕು. ಬೇಡ ಅಂದರೂ ಅದು ನ್ಯಾಯವೇ. ಈ ಕಾಗದದ ಹಿಂಬದಿಗೆ ಬರೆದದ್ದನ್ನು ಓದದೆ ಮಾತ್ರ ಉತ್ತರ ಬರೆಯಬೇಡ.

ಇಷ್ಟು ತಡವಾಗಿ ನಿನ್ನ ಅತ್ತೆಯಾದ,
ತುಳಸಾಬಾಯಿ

ತಾ.ಕ.: ಇದನ್ನು ಮುಚ್ಚಿಟ್ಟು ನಿಮ್ಮ ಮನೆಗೆ ಬರಲಾರೆ. ಆಷಾಢದಲ್ಲಿ ಕಾಮಾಲೆಯಾಗಿ ರಾಘು ಇಲ್ಲಿ ಮಲಗಿದ್ದಾಗ, ಖಬರ ತಿಳಿದು ನೀನು ಮೊದಲ ಬಸ್ಸಿಗೆ ಓಡಿ ಬಂದೆ. ಬಾಗಿಲು ಹಾಕಿತ್ತು. ಅವನು ನಸುಕಿನಲ್ಲೇ ಹೋದ, ಮುಗಿಯಿತು ಎಂದು ಕಿಟಕಿಯಿಂದ ನಿನಗೆ ಹೇಳಿಸಿದೆವು. ಅದು ಸುಳ್ಳು. ಅವನು ಹೋದದ್ದು ಮಧ್ಯಾಹ್ನ. ನೀನು ಬಾಗಿಲು ಬಡಿಯುವಾಗ ಅವನಿಗೆ ಎಚ್ಚರವಿತ್ತು. ಶ್ರೀಪಾದ ಚಿಲಕ ತೆಗೆಯಲು ಎದ್ದ, ಅವನ ಕೈ ಹಿಡಿದು ಕೂಡಿಸಿದವಳು ನಾನು. “ಯಾರ್ ಬಂದ್ರವ್ವಾ?” ಎಂದು ರಾಘು ಕೇಳಿದ. “ಹಾಲಿನಾಕಿ” ಅಂದೆ.