ಹತ್ತನೆಯ ಪದ

ಡುಲೂತ್
ಆಗಸ್ಟ್ 4, 2019

ಪ್ರೀತಿಯ ತಂಗಿ ಬ್ಲೂಮಾ,

ಹೇಗಿದ್ದೀಯ? ಪೂರಿಮ್ ಹಬ್ಬಕ್ಕೆ ನೀನು ಕಳಿಸಿದ ಗಸಗಸೆ ಬಿಸ್ಕತ್ತು ಮಾರ್ಚಿನಲ್ಲೇ ಖಾಲಿಯಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈದುಕೊ. ಮೊಣಕಾಲಿನ ನೆಪ ಹೇಳೋಣವೆಂದರೆ, ಪತ್ರ ಬರೆಯಲು ಮೊಣಕಾಲು ಬೇಕಿಲ್ಲವಲ್ಲ.

ನಮ್ಮ ಪ್ರಾರ್ಥನಾ ಮಂದಿರ ನೀನು ಬಿಟ್ಟುಹೋದಾಗ ಇದ್ದಂತಿಲ್ಲ. ಈಗ ಪ್ರಾರ್ಥನೆ ನಡೆಸುವ ರಬ್ಬಿ ತಿರ್ಜಾ. ಅವಳ ಹೆಂಡತಿ ಮಿರಿಯಮ್ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಗಾಲಿಕುರ್ಚಿಗೆಂದು ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದ್ದಾರೆ. ಕಿವಿ ಕೇಳದ ಹಿಂಡಾಳಿಗೆ ತಿರ್ಜಾ ಕೈಸನ್ನೆಯಲ್ಲೇ ಪ್ರಾರ್ಥನೆ ಹೇಳುತ್ತಾಳೆ. ಪ್ರಾರ್ಥನೆಗೆ ಬೇಕಾದ ಹತ್ತು ಜನರಲ್ಲಿ ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು 1980ರಲ್ಲಿ ಮತಕ್ಕೆ ಹಾಕಿದಾಗ ಬೇಡವೆಂದು ಕೈಯೆತ್ತಿ ಸೋತವನು ನಾನು. ಈಗ ಇವರೇ ನನ್ನ ಮನೆಯವರು. ಕುಗೆಲ್‌ಗೆ ಒಣದ್ರಾಕ್ಷಿ ಹಾಕಬೇಕೋ ಬೇಡವೋ ಎಂಬ ಜಗಳ ಮಾತ್ರ ಹಾಗೇ ಇದೆ.

ಬಂದವರನ್ನು ಎಣಿಸುವ ಕೆಲಸ ಇಂದಿಗೂ ನನ್ನದೇ. ತಲೆ ಎಣಿಸಬಾರದಲ್ಲ, ಅಪ್ಪ ಕಲಿಸಿದ ಹತ್ತು ಪದಗಳ ಸಾಲನ್ನು ಒಬ್ಬೊಬ್ಬರ ಮೇಲೆ ಒಂದೊಂದು ಪದವಾಗಿ ಹೇಳುತ್ತೇನೆ. ಸಾಲು ಮುಗಿದರೆ ಹತ್ತು ಜನ ಇದ್ದಾರೆಂದು ಅರ್ಥ, ಸತ್ತವರಿಗಾಗಿ ಕದ್ದಿಶ್ ಹೇಳಬಹುದು. "ಆಯ್ತಾ, ಜೆಲಿಗ್?" ಎಂದು ತಿರ್ಜಾ ಕೇಳುತ್ತಾಳೆ. "ಆಯ್ತು" ಅನ್ನುತ್ತೇನೆ. ಬೇರೆ ಯಾರೂ ಎಣಿಸುವುದಿಲ್ಲ.

ಮೂರು ವಾರದ ಹಿಂದೆ ಊಟವಾದ ಮೇಲೆ ಮಿರಿಯಮ್ ಬಂದು, "ಏನಜ್ಜಾ, ಒಂಬತ್ತೇ ತಟ್ಟೆ ಖರ್ಚಾಗಿರೋದು. ನನ್ನ ಅಡುಗೆಗೆ ಹೆದರಿ ಓಡಿಹೋದೋರು ಯಾರು?" ಅಂದಳು. ನಕ್ಕುಬಿಟ್ಟೆ. ಮರುವಾರ ನಿಧಾನವಾಗಿ ಎಣಿಸಿದೆ, ನನ್ನನ್ನೂ ಸೇರಿಸಿ. ಒಂಬತ್ತು ಜನ, ಒಂಬತ್ತು ಪದ. ಬಾಯಿ ಮುಚ್ಚಿದೆ. ಆದರೂ ಹತ್ತನೆಯ ಪದ ಹೊರಗೆ ಬಂತು, ನನ್ನದೇ ದನಿಯಲ್ಲಿ. ಕಣ್ಣು ಕಿಟಕಿ ಪಕ್ಕದ ಖಾಲಿ ಜಾಗದ ಮೇಲಿತ್ತು. ಅದು ಲೀಪಾನ ಜಾಗ.

ನಿನಗೆ ಆ ಹೆಸರು ಬೇಡ, ಗೊತ್ತು. ಅಮ್ಮನ ಕದ್ದಿಶ್ ದಿನ ಅವನ ಕಾರು ಹಿಮದಲ್ಲಿ ಸಿಕ್ಕಿಕೊಂಡಿತು, ಒಬ್ಬರು ಕಡಿಮೆಯಾಗಿ ಕದ್ದಿಶ್ ನಿಂತೇಹೋಯಿತು. "ನೀನೊಬ್ಬ ಬಂದಿದ್ರೆ ಸಾಕಿತ್ತು" ಎಂದು ನೀನು ಅವನ ಉಂಗುರ ವಾಪಸು ಕೊಟ್ಟು ಊರು ಬಿಟ್ಟೆ. ಆಮೇಲೆ ಮೂವತ್ತೆಂಟು ವರ್ಷ ಅವನು ಒಂದು ಶನಿವಾರವೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ಮದುವೆಯಾಗಲಿಲ್ಲ. ಈ ಏಪ್ರಿಲ್‌ನಲ್ಲಿ ಅವನನ್ನು ಮಣ್ಣು ಮಾಡಿದೆವು. ನಿನಗೆ ತಿಳಿಸಲು ಧೈರ್ಯ ಬರಲಿಲ್ಲ.

ನಿನ್ನೆ ಹಿಂಡಾ ಆ ಕಿಟಕಿಯ ಬೆಂಚಿನಲ್ಲಿ ಅಂಗೈ ಊರಿ ಕೂತಿದ್ದಳು. ಜನ ಆಮೆನ್ ಅಂದದ್ದು ಅವಳಿಗೆ ಬೆಂಚಿನ ಮರದ ನಡುಕದಲ್ಲಿ ತಿಳಿಯುತ್ತದೆ. ಮುಗಿದ ಮೇಲೆ ನನ್ನ ಕೈಗೆ ಚೀಟಿ ಕೊಟ್ಟಳು: "ನನ್ನ ಪಕ್ಕ ಕೂರೋರು ತುಂಬಾ ಜೋರಾಗಿ ಆಮೆನ್ ಅಂತಾರೆ. ಯಾರವರು?"

ಅವಳ ಪಕ್ಕ ಯಾರೂ ಇರಲಿಲ್ಲ. ಬೆಂಚಿನ ಕೆಳಗೆ ಒದ್ದೆ ಬೂಟಿನ ಗುರುತುಗಳಿದ್ದವು. ಬಗ್ಗಿ ಮುಟ್ಟಿದೆ. ಈ ಆಗಸ್ಟ್ ಸೆಕೆಯಲ್ಲಿ, ಬ್ಲೂಮಾ, ಬೆರಳಿಗೆ ಹಿಮದ ಚೂರು ಅಂಟಿತು. ನನಗೆ ಭಯವಾಗಿದೆ.

ನೂರಿಪ್ಪತ್ತು ವರ್ಷ ಬಾಳು, ತಂಗಿ. ನಿನ್ನ ಮನೆಯಲ್ಲಿ ನೆಮ್ಮದಿ ಇರಲಿ.

ನಿನ್ನ ಅಣ್ಣ,
ಜೆಲಿಗ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಅಮ್ಮನ ದಿನ ಯಾರೂ ಕಡಿಮೆ ಇರಲಿಲ್ಲ. ಹತ್ತನೆಯ ಪದ ನಿನ್ನ ಮೇಲೆ ಬಿದ್ದಿತ್ತು. ಮತದಲ್ಲಿ ಸೋತ ಹೊಟ್ಟೆಯುರಿಗೆ ಅದನ್ನು ನುಂಗಿ "ಒಬ್ಬರು ಕಡಿಮೆ" ಅಂದುಬಿಟ್ಟೆ. ಎಲ್ಲರೂ ನಂಬಿದರು, ಲೀಪಾನೂ ನಂಬಿದ. ನಿನ್ನೆ ಆ ಖಾಲಿ ಬೆಂಚಿಗೆ ನಿಜ ಹೇಳಿ ನೋಡಿದೆ, ಗುರುತು ಆರಲಿಲ್ಲ. ನನ್ನ ಮಾತನ್ನು ಅವನು ಯಾಕೆ ನಂಬಬೇಕು? ನೀನೇ ಬಂದು ಹೇಳು, ಬ್ಲೂಮಾ, ಅವತ್ತು ಅವನು ಬರದಿದ್ದರೂ ನಾವು ಹತ್ತು ಜನ ಇದ್ದೆವೆಂದು.