ಗುಣವತಿಯಮ್ಮನ ಹದಿನೇಳು ಹಾಡುಗಳು

ವೆಸ್ಟ್ ಮಾಂಬಲಂ, ಚೆನ್ನೈ
ಅಕ್ಟೋಬರ್ 14

ಪ್ರೀತಿಯ ಮಗಳು ಶ್ರೀವಿದ್ಯಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕೆಮ್ಮು ಕಡಿಮೆಯಾಯಿತೇ? ಮಂಗಳೂರಿನ ಮಳೆಯಲ್ಲಿ ಸ್ಕೂಟರ್ ಓಡಿಸಬೇಡವೆಂದರೆ ನೀನೆಲ್ಲಿ ಕೇಳುತ್ತೀ! ನಿನ್ನ ಅಮ್ಮನ ಮಂಡಿನೋವು ಹಾಗೆಯೇ ಇದೆ. ಆದರೂ ಸ್ಟೇಷನ್ ತನಕ ಹೋಗಿ ತರಕಾರಿಯವಳ ಜೊತೆ ತಮಿಳಿನಲ್ಲಿ ಜಗಳವಾಡಿ ಬರುತ್ತಾಳೆ. ಈಗಿನ ಕಾಲದಲ್ಲಿ ಕಾಗದ ಯಾಕೆಂದು ಕೇಳಬೇಡ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ನೀನೂ ನಿನ್ನ ಸಹೋದ್ಯೋಗಿ ಗಿರಿಧರನೂ ಊರೂರು ತಿರುಗಿ ಧ್ವನಿಮುದ್ರಿಸಿದ ಗದ್ದೆ ನಾಟಿಯ ಹಾಡುಗಳ ಇನ್ನೊಂದು ಪ್ರತಿ ನಮ್ಮಲ್ಲಿರಲಿ ಎಂದು ಯುಗಾದಿಗೆ ಬಂದಾಗ ನೀನು ಟಿವಿಯ ಪಕ್ಕ ಪುಟ್ಟ ಸರ್ವರ್ ಇಟ್ಟು ಹೋದೆ. ನಿಮ್ಮ ಕಾಲೇಜಿನ ಸರ್ವರ್ ಇದನ್ನು ಸೇರಬೇಕಾದರೆ ಹೊರಗಿನವರನ್ನು ತಡೆಯುವ ಇಲ್ಲಿನ ಫೈರ್‌ವಾಲ್‌ನಲ್ಲಿ 22000 ಎಂಬ ಪೋರ್ಟ್, ಅಂದರೆ ಆ ನಂಬರಿನ ಬಾಗಿಲು, ತೆರೆಯಬೇಕಿತ್ತು. ಹೊರಡುವ ಗಡಿಬಿಡಿಯಲ್ಲಿ ಅದೊಂದು ಉಳಿದು, ಹೇಗೆಂದು ನೀನು ನನಗೆ ಚೀಟಿ ಬರೆದಿಟ್ಟಿದ್ದೆ. ಮಾರನೆಯ ದಿನ ನಾನು ಫೋನಿನಲ್ಲಿ ‘ತೆರೆದಾಯ್ತು ಪುಟ್ಟಿ, ಚಿಂತೆ ಬಿಡು’ ಎಂದೆ. ಚೆನ್ನೈ ಸರ್ವರ್ ಸಿಗುತ್ತಿಲ್ಲವೆಂದು ಗಿರಿಧರ ಮೂರು ಸಲ ಹೇಳಿದನಂತೆ. ನಮ್ಮಪ್ಪ ತೆರೆದಿದ್ದಾರೆ, ತಪ್ಪು ನಿನ್ನ ಕಡೆಯೇ ಎಂದು ನೀನು ಅವನ ಬಾಯಿ ಮುಚ್ಚಿಸಿದೆ. ಪ್ರತಿ ಇಲ್ಲಿದೆಯೆಂಬ ನಂಬಿಕೆಯಲ್ಲಿ ರೆಕಾರ್ಡರನ್ನೂ ಖಾಲಿ ಮಾಡಿದಿರಿ. ಹೋದ ತಿಂಗಳು ಸಿಡಿಲಿಗೆ ಕಾಲೇಜಿನ ಸರ್ವರ್ ಸುಟ್ಟಿತು. ಗಿರಿಧರನ ತಾಯಿ ಗುಣವತಿಯಮ್ಮ ಸಾಯುವ ಮುಂಚೆ ಹಾಡಿದ ಹದಿನೇಳು ಹಾಡುಗಳೂ ಅದರ ಜೊತೆಗೇ ಹೋದವು. ಇಲ್ಲಿಗೆ ಒಂದೂ ಬಂದಿರಲಿಲ್ಲ. ನೀನು ಎಲ್ಲರೆದುರು ಅವನನ್ನು ಬೈದೆ. ಅವನು ಕೆಲಸ ಬಿಟ್ಟ.

ನಿನ್ನೆ ಆ ಚೀಟಿ ಸಿಕ್ಕಿತು. ತಪ್ಪು ನನ್ನದು, ಪುಟ್ಟಿ. ಕನ್ನಡಕ ಹಾಕದೆ 22000ರ ಬದಲು 2200 ಎಂದು ಒತ್ತಿದ್ದೆ. ಒಂದು ಸೊನ್ನೆ ಬಿಟ್ಟುಹೋಯಿತು, ವಯಸ್ಸಾಯಿತಲ್ಲ. ನಾಚಿಕೆಯಿಂದ ತಲೆಯೆತ್ತಲಾಗುತ್ತಿಲ್ಲ. ನನ್ನ ಪರವಾಗಿ ಗಿರಿಧರನ ಕ್ಷಮೆ ಕೇಳು. ಅಮ್ಮ ಹುಳಿಪುಡಿ ಬೇರೆಯಾಗಿ ಕಳಿಸುತ್ತಾಳೆ. ಊಟ ತಪ್ಪಿಸಬೇಡ.

ಇತಿ ನಿನ್ನ ಅಪ್ಪ,
ಭೋಜರಾಜ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ನಿನ್ನ ಅಮ್ಮ ಇದನ್ನು ಓದಿದಳು. ಆ ದಿನ ಪಕ್ಕದಲ್ಲೇ ಇದ್ದವಳು. ‘ಸೊನ್ನೆ ಬಿಟ್ಟೋಯ್ತು ಅಂತ ಬರ್ದಿದೀರಲ್ಲ, ನಿಮಗೇ ಸರಿ ಅನ್ಸತ್ತಾ?’ ಎಂದಳು. ಸೊನ್ನೆಯ ಮಾತು ಸುಳ್ಳು. ನಾನು ಪೋರ್ಟ್ ತೆರೆಯಲೇ ಇಲ್ಲ. ಪರದೆಯ ಮೇಲೆ ಪಾಸ್‌ವರ್ಡ್ ಕೇಳಿತು, ಗೊತ್ತಿರಲಿಲ್ಲ, ಮಗಳನ್ನು ಕೇಳಲು ಅವಮಾನವೆನಿಸಿತು. ಮೂವತ್ತೊಂದು ವರ್ಷ ಇನ್ಶೂರೆನ್ಸ್ ಕಚೇರಿಯಲ್ಲಿ ಜನರ ಕ್ಲೇಮುಗಳಲ್ಲಿ ಸುಳ್ಳು ಹುಡುಕಿದವನು ನಾನು. ಗಿರಿಧರನಿಗೆ ನೀನೇನೂ ಹೇಳಬೇಡ. ಇವತ್ತಿನ ಮಂಗಳೂರು ರೈಲಿಗೆ ಹೊರಟಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ, ಅವನ ಅಮ್ಮನ ಧ್ವನಿ ಕಳೆದವನು ನಾನೆಂದು ಅವನ ಎದುರು ನಿಂತು ಹೇಳಿರುತ್ತೇನೆ.