ಅತ್ತಿಗೆ ಮಾಡಿದ ಪ್ರಾರ್ಥನೆ

ಅತ್ತಿಗೆಯವರಿಗೆ,

ಕ್ರಿಸ್ತನಲ್ಲಿ ವಂದನೆಗಳು. ಪ್ರಾರ್ಥನೆಗೆ ಕಣ್ಣು ಮುಚ್ಚುವಾಗ ನೀವು ತೆಗೆದಿಟ್ಟ ಕನ್ನಡಕ ನಮ್ಮ ಮನೆಯಲ್ಲೇ ಉಳಿದಿತ್ತು. ಇದರ ಜೊತೆ ಕಳಿಸಿದ್ದೇನೆ.

ನನ್ನ ಕಿಡ್ನಿ ಕೆಡುತ್ತಿರುವ ವಿಷಯವನ್ನು ನಿಮ್ಮೊಬ್ಬರಿಗೇ ಹೇಳಿದ್ದೆ. ಉಪ್ಪು ಕಡಿಮೆ ಮಾಡಿ, ನೋವಿನ ಮಾತ್ರೆ ಬಿಟ್ಟರೆ ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಧೈರ್ಯ ಹೇಳಿದ್ದನ್ನೂ ಹೇಳಿದ್ದೆ. "ನನ್ನ ಬಾಯಿಂದ ಒಂದು ಮಾತೂ ಆಚೆ ಹೋಗಲ್ಲ ಕಣೇ" ಅಂದಿರಿ. ಆಮೇಲೆ ಪ್ರಾರ್ಥನಾ ಕೂಟಕ್ಕೆ ಎಲ್ಲರೂ ಸೇರಿದ್ದ ನಮ್ಮದೇ ಹಜಾರದಲ್ಲಿ, ನಮ್ಮ ಗಾರ್ಮೆಂಟ್ಸಿನ ಸೂಪರ್‌ವೈಸರಮ್ಮ ಪಕ್ಕದಲ್ಲೇ ಮಂಡಿಯೂರಿದ್ದಾಗ, ನನ್ನ ಹೆಸರು ಹಿಡಿದು, "ಕರ್ತನೇ, ಕೆಟ್ಟುಹೋಗ್ತಿರೋ ಇವಳ ಕಿಡ್ನಿಗಳನ್ನ ಮುಟ್ಟಪ್ಪಾ" ಎಂದು ಗಟ್ಟಿಯಾಗಿ ಬೇಡಿದಿರಿ. ಮನಸ್ಸಿನಲ್ಲೇ ಕೇಳಿದ್ದರೆ ಆತನಿಗೆ ಗೊತ್ತಾಗುತ್ತಿರಲಿಲ್ಲವೇ? ಎಲ್ಲರೂ ಆಮೆನ್ ಅಂದರು. ಅಭ್ಯಾಸಬಲ, ನಾನೂ ಅಂದೆ.

ಮರುದಿನವೇ ಸೂಪರ್‌ವೈಸರಮ್ಮ, "ಮನೇಲಿ ರೆಸ್ಟ್ ತಗೊಳಮ್ಮ, ಇನ್ನು ಬರೋದು ಬೇಡ" ಅಂದರು. ನನ್ನ ಹೊಲಿಗೆ ಮಷೀನಿನ ಮುಂದೆ ಈಗ ನಿಮ್ಮ ಮಗಳು ಕೂತಿದ್ದಾಳಂತೆ. ಕೂರಲಿ. ಅವಳದೇನೂ ತಪ್ಪಿಲ್ಲ.

ಒಂದೇ ಕೋರಿಕೆ. ಬಾತ್‌ರೂಮಿಗೆ ಪದೇಪದೇ ಎದ್ದರೆ ಬೈತಾರೆ ಅಂತ ನಾನು ಸರಿಯಾಗಿ ನೀರು ಕುಡಿಯದೆ, ಬೆನ್ನುನೋವಿಗೆ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ಅಲ್ಲಿ ಕೂತೆ. ಅವಳು ಹಾಗೆ ಮಾಡದಿರಲಿ. ಇದನ್ನು ದೇವರಿಗೆ ಹೇಳಬೇಡಿ, ಅವಳಿಗೆ ಹೇಳಿ.

ಇಂತಿ,
ನಿಮ್ಮ ನಾದಿನಿ